ಕರ್ತೃ ಕಾಣೆಯಾದ ವಾಕ್ಯ

ಹಳೆಯ ಹಾಸ್ಯ ಧಾರಾವಾಹಿಯ ಒಂದು ಕಂತಿನ ಬಗ್ಗೆ ಬರೆಯುವ ಮುನ್ನ ನಾನು ಅದನ್ನು ಎರಡು ಸಲ ನೋಡುತ್ತೇನೆ. ಮೊದಲ ಸಲ ಎಲ್ಲರ ಹಾಗೆ, ಪರದೆಗೆ ಮುಖ ಮಾಡಿ. ಎರಡನೆಯ ಸಲ ಟಿ.ವಿ.ಗೆ ಬೆನ್ನು ಕೊಟ್ಟು, ಬರೀ ಕಿವಿಯಲ್ಲಿ. ಇದು ಆಕಾಶವಾಣಿಯ ನಾಟಕಗಳು ಕಲಿಸಿದ ಅಭ್ಯಾಸ. ರಾತ್ರಿ ನಾಟಕ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಪಾತ್ರೆಯ ಸದ್ದು ಕೂಡ ತಗ್ಗುತ್ತಿತ್ತು. ಬಾಗಿಲು ಕಿರ್ರೆಂದದ್ದು, ಯಾರೋ ಕೆಮ್ಮಿದ್ದು, ಉತ್ತರ ಕೊಡಬೇಕಾದವನು ಅರೆಕ್ಷಣ ತಡೆದದ್ದು, ಇಷ್ಟೇ ಸಾಕಿತ್ತು, ಯಾರ ಕೈ ಮೇಲಾಯಿತೆಂದು ತಿಳಿಯಲು.

ಹೀಗೆ ಬೆನ್ನು ಕೊಟ್ಟು ಕುಳಿತರೆ ಬಹಳಷ್ಟು ಹಾಸ್ಯ ಧಾರಾವಾಹಿಗಳು ಸೊರಗುತ್ತವೆ. ಜಾರಿ ಬೀಳುವುದು, ಮುಖ ಸಿಂಡರಿಸುವುದು, ಹೋಗಬಾರದವರು ಹೋಗಬಾರದ ಕೋಣೆಗೆ ನುಗ್ಗುವುದು ಇವೆಲ್ಲ ಕಣ್ಣಿಗೆ ಸೇರಿದ ನಗು. ಆದರೆ ಒಂದು ಧಾರಾವಾಹಿ ಮಾತ್ರ ಕಿವಿಯಲ್ಲಿ ಕೇಳಿದಾಗ ಇನ್ನಷ್ಟು ಹರಿತವಾಗುತ್ತದೆ. ಅದು ಬ್ರಿಟನ್ನಿನ ‘ಯೆಸ್ ಮಿನಿಸ್ಟರ್’. ಅದರ ಕಂತುಗಳನ್ನು ಹೇಗೆ ನೋಡಬೇಕು, ಅವುಗಳ ಬಗ್ಗೆ ಬರೆಯುವವರು ಏನನ್ನು ಹಿಡಿಯಬೇಕು ಎಂಬುದನ್ನು ಇವತ್ತು ಬಿಡಿಸಿ ಹೇಳಬೇಕೆನ್ನಿಸಿದೆ. ನಾಲ್ಕು ದಶಕ ದಾಟಿದ ಈ ಕಂತುಗಳು ಸರ್ಕಾರಿ ಕಾಗದ ಕೈಗೆ ಬಂದ ಯಾರಿಗಾದರೂ ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ನಂಬಿಕೆ.

ಮೊದಲು ಅದರ ಜಾತಕ. ಬರೆದವರು ಆಂಟನಿ ಜೇ ಮತ್ತು ಜೊನಾಥನ್ ಲಿನ್. ಬಿಬಿಸಿ ಟು ವಾಹಿನಿಯಲ್ಲಿ ಮೊದಲ ಕಂತು ಬಂದದ್ದು 1980ರ ಫೆಬ್ರುವರಿ 25ರಂದು. 1980, 1981, 1982ರಲ್ಲಿ ಏಳೇಳು ಕಂತುಗಳ ಮೂರು ಸರಣಿಗಳಾದವು. 1984ರ ಡಿಸೆಂಬರಿನಲ್ಲಿ ಒಂದು ಗಂಟೆಯ ವಿಶೇಷ ಕಂತು ಬಂತು. ಆಮೇಲೆ 1986ರಿಂದ 1988ರವರೆಗೆ ‘ಯೆಸ್, ಪ್ರೈಮ್ ಮಿನಿಸ್ಟರ್’ ಎಂಬ ಹೆಸರಿನಲ್ಲಿ ಎಂಟೆಂಟು ಕಂತುಗಳ ಇನ್ನೆರಡು ಸರಣಿ. ಎಲ್ಲ ಸೇರಿ 38 ಕಂತು. ಇದು ಕಿವಿಯ ನಾಟಕ ಎಂಬುದಕ್ಕೆ ಬಿಬಿಸಿಯೇ ಸಾಕ್ಷಿ ಕೊಟ್ಟಿದೆ: 1983 ಮತ್ತು 1984ರಲ್ಲಿ ಅದೇ ಮುಖ್ಯ ನಟರನ್ನು ಕೂರಿಸಿ 16 ಕಂತುಗಳನ್ನು ರೇಡಿಯೊಗೆ ಅಳವಡಿಸಿತು.

ಮುಖ್ಯ ಪಾತ್ರಗಳು ಮೂರೇ. ಆಡಳಿತ ವ್ಯವಹಾರಗಳ ಇಲಾಖೆ ಎಂಬ ಕಲ್ಪಿತ ಇಲಾಖೆಗೆ ಮಂತ್ರಿಯಾಗಿ ಬಂದ ಜಿಮ್ ಹ್ಯಾಕರ್. ಈ ಪಾತ್ರ ಪಾಲ್ ಎಡಿಂಗ್ಟನ್ ಅವರದು. ಮಂತ್ರಿಗಳು ಬಂದು ಹೋದರೂ ತಾನು ಅಲ್ಲಾಡದ ಇಲಾಖಾ ಕಾರ್ಯದರ್ಶಿ ಸರ್ ಹಂಫ್ರಿ ಆಪಲ್‌ಬಿ, ನೈಜೆಲ್ ಹಾಥಾರ್ನ್ ಅವರ ಪಾತ್ರ. ಇಬ್ಬರ ನಡುವೆ ಮಂತ್ರಿಯ ಆಪ್ತ ಕಾರ್ಯದರ್ಶಿ ಬರ್ನಾರ್ಡ್ ವೂಲಿಯಾಗಿ ಡೆರಿಕ್ ಫೌಲ್ಡ್ಸ್. ಬರ್ನಾರ್ಡ್‌ನ ದಿನದ ಕೆಲಸವೆಲ್ಲ ಮಂತ್ರಿಯ ಜೊತೆ, ಮುಂದಿನ ಬಡ್ತಿಯೆಲ್ಲ ಕಾರ್ಯದರ್ಶಿಯ ಕೈಯಲ್ಲಿ. ಯಾರಾದರೂ ಮಾತಿನಲ್ಲಿ ಉಪಮೆ ತಪ್ಪಿದರೆ, ವ್ಯಾಕರಣ ಜಾರಿದರೆ ತಿದ್ದದೆ ಬಿಡುವವನಲ್ಲ ಈತ. ಬರ್ನಾರ್ಡ್‌ನ ಈ ವ್ಯಾಕರಣದ ಹುಚ್ಚನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಾಸ್ಯದ ಕಂತುಗಳ ವಿಮರ್ಶೆಯೆಂದರೆ ಸಾಮಾನ್ಯವಾಗಿ ಕಥೆಯ ಸಾರಾಂಶ, ನಾಲ್ಕು ಒಳ್ಳೆಯ ಮಾತುಗಳ ಪಟ್ಟಿ, ಕೊನೆಗೊಂದು ಅಂಕ. ಈ ಕ್ರಮದಲ್ಲಿ ಬರೆದರೆ ‘ಯೆಸ್ ಮಿನಿಸ್ಟರ್’ ಕೈಗೆ ಸಿಗುವುದಿಲ್ಲ. ಇಲ್ಲಿ ಕಥೆ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ: ಮಂತ್ರಿ ಏನೋ ಮಾಡಬೇಕೆನ್ನುತ್ತಾರೆ, ಕಾರ್ಯದರ್ಶಿ ಅದು ಆಗದಂತೆ ನೋಡಿಕೊಳ್ಳುತ್ತಾರೆ. ಕಚೇರಿ, ಕ್ಲಬ್ಬು, ಮನೆ, ಕಾರು ಬಿಟ್ಟರೆ ಹೆಚ್ಚಿನ ದೃಶ್ಯಗಳೂ ಇಲ್ಲ. ಸಂಸತ್ತಿನ ಭಾಷಣಗಳಿಗೆ ಇಲ್ಲಿ ಜಾಗವಿಲ್ಲ. ಆಡಳಿತ ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ ಎಂಬುದು ಬರೆದವರ ನಿಲುವು. ಹಾಗಾಗಿ ವಿಮರ್ಶಕ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಅರ್ಧ ಗಂಟೆಯಲ್ಲಿ ಅಧಿಕಾರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರಿದ್ದು ಯಾವ ವಾಕ್ಯದಲ್ಲಿ? ಆ ವಾಕ್ಯ ಸಿಕ್ಕರೆ ಕಂತು ಸಿಕ್ಕಿತು.

ಮೊದಲ ಕಂತನ್ನೇ ತೆಗೆದುಕೊಳ್ಳಿ. ಅದರ ಹೆಸರು ‘ಓಪನ್ ಗವರ್ನ್‌ಮೆಂಟ್’, ಅಂದರೆ ಮುಚ್ಚುಮರೆಯಿಲ್ಲದ ಸರ್ಕಾರ. ಚುನಾವಣೆ ಗೆದ್ದ ಪಕ್ಷದ ಹ್ಯಾಕರ್ ಸಂಪುಟದ ಕರೆಗಾಗಿ ಮನೆಯಲ್ಲಿ ಫೋನಿನ ಪಕ್ಕದಲ್ಲೇ ಕಾದು ಕೂತಿದ್ದಾರೆ. ಕರೆ ಬರುತ್ತದೆ, ಮಂತ್ರಿಗಿರಿ ಸಿಗುತ್ತದೆ. ಕಚೇರಿಗೆ ಬಂದ ಮೊದಲ ದಿನ ಅಲ್ಲಿರುವವರೆಲ್ಲ ಯಾರು ಎಂದು ಕೇಳುತ್ತಾರೆ. ಸರ್ ಹಂಫ್ರಿ ತಮ್ಮ ಇಲಾಖೆಯ ಕಾರ್ಯದರ್ಶಿ, ಉಪ, ಅಧೀನ, ಸಹಾಯಕ, ಆಪ್ತ ಎಂಬ ಪದಗಳ ಮಾಲೆಯನ್ನು ಉಸಿರು ಬಿಡದೆ ಪೋಣಿಸುತ್ತಾರೆ. ಇಷ್ಟೊಂದು ‘ಸೆಕ್ರೆಟರಿ’ಗಳು ಇದ್ದಾರಲ್ಲ, ಎಲ್ಲರಿಗೂ ಟೈಪಿಂಗ್ ಬರುತ್ತದೆಯೇ ಎನ್ನುವುದು ಹ್ಯಾಕರ್ ಪ್ರಶ್ನೆ. ಟೈಪ್ ಮಾಡುವುದಕ್ಕೆ ಬೇರೆಯೇ ಒಬ್ಬ ಹೆಂಗಸು ಇದ್ದಾರೆ, ನಮಗ್ಯಾರಿಗೂ ಬಾರದು ಎನ್ನುವುದು ಅವರಿಗೆ ಸಿಗುವ ಉತ್ತರ. ನಗು ಬರುತ್ತದೆ. ಆದರೆ ಕಣ್ಣು ಮುಚ್ಚಿ ಕೇಳಿದರೆ ಇನ್ನೊಂದು ತಿಳಿಯುತ್ತದೆ: ಆ ಪದಮಾಲೆ ಮುಗಿಯುವಷ್ಟರಲ್ಲಿ ಮಂತ್ರಿ ಆ ಕೋಣೆಯ ಅತಿಥಿಯಾಗಿಬಿಟ್ಟಿದ್ದಾರೆ. ಮನೆಯ ಯಜಮಾನ ಯಾರೆಂಬುದು ತೀರ್ಮಾನವಾಗಿದೆ.

ಮುಂದೆ ಹ್ಯಾಕರ್ ತಮ್ಮ ಪಕ್ಷದ ಭರವಸೆಯಂತೆ ಎಲ್ಲವನ್ನೂ ಜನರ ಮುಂದೆ ತೆರೆದಿಡಲು ಹೊರಡುತ್ತಾರೆ. ಆ ಬಗ್ಗೆ ಇಲಾಖೆ ಆಗಲೇ ಕರಡನ್ನು ಸಿದ್ಧ ಮಾಡಿ ಇಟ್ಟಿದೆ! ಶೀರ್ಷಿಕೆಯಲ್ಲೇ ಕಷ್ಟದ ಮಾತನ್ನು ಹೇಳಿ ಮುಗಿಸಿದರೆ ಒಳಗೆ ಏನನ್ನೂ ಹೇಳಬೇಕಾಗುವುದಿಲ್ಲ ಎಂಬುದು ಅಧಿಕಾರಿಗಳ ಅನುಭವ. ಅಷ್ಟರಲ್ಲಿ ಅಮೆರಿಕದಿಂದ ಕಂಪ್ಯೂಟರ್ ಉಪಕರಣ ಕೊಳ್ಳುವ ಒಂದು ದೊಡ್ಡ ಆರ್ಡರು ಮಂತ್ರಿಯ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲೇ ತಯಾರಾಗುವುದನ್ನು ಹೊರಗಿನಿಂದ ತರಿಸುವುದೇ ಎಂದು ಸಿಟ್ಟಾಗಿ ಭಾಷಣ ಸಿದ್ಧಪಡಿಸಿ, ಪತ್ರಿಕೆಗಳಿಗೆ ಕಳಿಸಲು ಹೇಳುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಪ್ರಧಾನಿ ಅಮೆರಿಕದೊಡನೆ ಮಾಡಿಕೊಳ್ಳಲಿರುವ ವ್ಯಾಪಾರ ಒಪ್ಪಂದಕ್ಕೂ ಆ ಆರ್ಡರಿಗೂ ಗಂಟು ಬಿದ್ದಿದೆ ಎಂದು. ಹೊಸ ಮಂತ್ರಿಯ ಕುರ್ಚಿ ಅಲ್ಲಾಡುತ್ತದೆ. ಕೊನೆಗೆ ಹಂಫ್ರಿ ಆ ಪತ್ರಿಕಾ ಪ್ರಕಟಣೆಯನ್ನು ನಿಯಮದ ನೆಪದಲ್ಲಿ ತಡೆಹಿಡಿದಿದ್ದರೆಂದು ತಿಳಿದು ಹ್ಯಾಕರ್ ಬದುಕಿಕೊಳ್ಳುತ್ತಾರೆ.

ಈ ಕಟ್ಟಣೆಯ ಜಾಣತನ ನೋಡಿ. ಮುಚ್ಚುಮರೆ ಬೇಡವೆಂದು ಹೊರಟ ಮನುಷ್ಯ, ಒಂದು ಕಾಗದವನ್ನು ಮುಚ್ಚಿಟ್ಟದ್ದಕ್ಕೆ ಕೃತಜ್ಞನಾಗುವಲ್ಲಿಗೆ ಕಂತು ಮುಗಿಯುತ್ತದೆ. ಹಂಫ್ರಿ ಮಂತ್ರಿಯನ್ನು ಹೆದರಿಸಿ ಗೆಲ್ಲಲಿಲ್ಲ, ಉಪಕಾರ ಮಾಡಿ ಗೆದ್ದರು. ಹೆದರಿಸಿದವನ ಮೇಲೆ ಒಂದು ದಿನ ತಿರುಗಿ ಬೀಳಬಹುದು. ಉಪಕಾರ ಮಾಡಿದವನ ಮೇಲೆ ಹೇಗೆ ಬೀಳುವುದು? ಹಾಗೆ ಮುಂದಿನ ಕಂತುಗಳಿಗೆಲ್ಲ ತಳಪಾಯ ಬಿತ್ತು. ಮೊದಲ ಹತ್ತು ನಿಮಿಷದ ನಡೆ ಸ್ವಲ್ಪ ನಿಧಾನ, ಪರಿಚಯದ ಭಾರ ಹೊತ್ತಿದೆ ಎಂಬ ಆಕ್ಷೇಪ ನನಗಿದೆ. ಆದರೂ ಒಂದು ಸರಣಿಯ ಮೊದಲ ಕಂತು ತನ್ನ ಮೂಲ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ಕಟ್ಟಿದ್ದನ್ನು ಹೆಚ್ಚು ಕಂಡಿಲ್ಲ.

ಎರಡನೆಯ ಉದಾಹರಣೆ 1981ರ ‘ದಿ ಕಂಪ್ಯಾಷನೇಟ್ ಸೊಸೈಟಿ’, ಕರುಣೆಯುಳ್ಳ ಸಮಾಜ. ಹೊಸದಾಗಿ ಕಟ್ಟಿದ ಆಸ್ಪತ್ರೆಯೊಂದಿದೆ. ಅಲ್ಲಿ 500 ಮಂದಿ ಆಡಳಿತ ಸಿಬ್ಬಂದಿ ಇದ್ದಾರೆ. ವೈದ್ಯರಿಲ್ಲ, ದಾದಿಯರಿಲ್ಲ, ರೋಗಿಗಳಿಲ್ಲ. ಹ್ಯಾಕರ್ ನೋಡಲು ಹೋದಾಗ ಅಲ್ಲಿನ ಆಡಳಿತಾಧಿಕಾರಿ ಹೆಮ್ಮೆಯಿಂದ ಖಾಲಿ ವಾರ್ಡುಗಳನ್ನು ತೋರಿಸುತ್ತಾರೆ. ದೇಶದಲ್ಲೇ ಅತ್ಯಂತ ಅಚ್ಚುಕಟ್ಟಾದ ಆಸ್ಪತ್ರೆಗಳಲ್ಲಿ ಇದೂ ಒಂದು, ಶುಚಿತ್ವಕ್ಕಾಗಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯ ಪೈಪೋಟಿಯಲ್ಲೂ ಇದೆ ಎಂದು ಹೇಳುತ್ತಾರೆ.

ಈ ದೃಶ್ಯವನ್ನು ನೋಡಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಆಡಳಿತಾಧಿಕಾರಿಯ ಮಾತಿನಲ್ಲಿ ಒಂದು ಸುಳ್ಳೂ ಇಲ್ಲ ಎಂಬುದನ್ನು ವಿಮರ್ಶಕ ಗಮನಿಸಬೇಕು. ರೋಗಿಗಳಿಲ್ಲದ ಆಸ್ಪತ್ರೆ ಶುಚಿಯಾಗಿಯೇ ಇರುತ್ತದೆ. ಅಲ್ಲಿಯ ಲೆಕ್ಕಪತ್ರ, ಸಿಬ್ಬಂದಿ ಹಾಜರಿ, ಸಾಮಾನು ಸರಂಜಾಮಿನ ದಾಸ್ತಾನು ಎಲ್ಲವೂ ಸರಿಯಾಗಿಯೇ ಇವೆ. ಕೆಲಸಕ್ಕೆ ಬಾರದ ಮಾನದಂಡವನ್ನು ಇಟ್ಟುಕೊಂಡರೆ ಪ್ರಾಮಾಣಿಕ ಮನುಷ್ಯರೂ ಪ್ರಾಮಾಣಿಕವಾಗಿಯೇ ಹುಚ್ಚು ಕೆಲಸ ಮಾಡುತ್ತಾರೆ ಎನ್ನುವುದು ಈ ಕಂತಿನ ಜೀವ. ಇಲಾಖೆಯ ಯಶಸ್ಸನ್ನು ಅಳೆಯುವುದು ಲಾಭದಿಂದಲ್ಲ, ಸಿಬ್ಬಂದಿಯ ಸಂಖ್ಯೆ ಮತ್ತು ಅನುದಾನದ ಗಾತ್ರದಿಂದ ಎಂದು ಹಂಫ್ರಿ ಈ ಸರಣಿಯಲ್ಲಿ ನಂಬಿಕೊಂಡು ಬಂದದ್ದು ಇಲ್ಲಿ ಗೋಡೆ, ಮಂಚ, ಕಾರಿಡಾರುಗಳಾಗಿ ಎದುರಿಗೆ ನಿಲ್ಲುತ್ತದೆ. ಆದರೆ ಕಂತಿನ ಮುಕ್ತಾಯ ನನಗೆ ಒಪ್ಪಿಗೆಯಾಗಿಲ್ಲ. ಕ್ಯೂಬಾದ ನಿರಾಶ್ರಿತರನ್ನು ಆ ಆಸ್ಪತ್ರೆಯಲ್ಲಿ ಇರಿಸುವ ಉಪಾಯ ಹೊರಗಿನಿಂದ ಬಂದು ಗಂಟು ಬಿಡಿಸುತ್ತದೆ. ಗಂಟು ಹಾಕಿದ್ದು ಒಳಗಿನವರು. ಬಿಡಿಸಬೇಕಾದದ್ದೂ ಒಳಗಿನಿಂದಲೇ. ಮೊದಲರ್ಧಕ್ಕೆ ಪೂರ್ಣ ಮೆಚ್ಚುಗೆ, ಕೊನೆಗೆ ಅರ್ಧ ಮಾತ್ರ.

ಮೂರನೆಯದು, ಹ್ಯಾಕರ್ ಪ್ರಧಾನಿಯಾದ ಮೇಲಿನ 1986ರ ‘ದಿ ಮಿನಿಸ್ಟೀರಿಯಲ್ ಬ್ರಾಡ್‌ಕಾಸ್ಟ್’. ಹೊಸ ಪ್ರಧಾನಿ ಟಿ.ವಿ.ಯಲ್ಲಿ ಮಾತಾಡಬೇಕು. ಯಾವ ಸೂಟು, ಯಾವ ಹಿನ್ನೆಲೆ, ಯಾವ ಸಂಗೀತ ಎಂಬ ತಾಲೀಮು ನಡೆಯುತ್ತದೆ. ಹೇಳಲು ಹೊಸದೇನಾದರೂ ಇದ್ದರೆ ಕಪ್ಪು ಸೂಟು, ಮರದ ಹಲಗೆಯ ಗೋಡೆ, ಚರ್ಮದ ಹೊದಿಕೆಯ ಪುಸ್ತಕಗಳು, ಜೊತೆಗೆ ಬಾಖ್ ಸಂಗೀತ. ಹೊಸದೇನೂ ಇಲ್ಲದಿದ್ದರೆ ಆಧುನಿಕ ಸೂಟು, ಕಣ್ಣು ಕೋರೈಸುವ ಗೋಡೆ, ಅಮೂರ್ತ ಚಿತ್ರಗಳು, ಸ್ಟ್ರಾವಿನ್‌ಸ್ಕಿ. ಮಾತಿಗೆ ಧೈರ್ಯವಿದ್ದರೆ ವೇಷಕ್ಕೆ ಸಮಾಧಾನ ಇರಬೇಕು, ಮಾತು ಟೊಳ್ಳಾದರೆ ವೇಷ ಗಟ್ಟಿಯಾಗಿ ಕೂಗಬೇಕು ಎಂಬ ಸೂತ್ರ. ಇವತ್ತಿನ ಯಾವುದೇ ರಾಜಕೀಯ ಭಾಷಣದ ವಿಡಿಯೊವನ್ನು ಈ ಸೂತ್ರದ ಪಕ್ಕದಲ್ಲಿಟ್ಟು ನೋಡಬಹುದು.

ಆದರೆ ಈ ಕಂತು ನೆನಪಿನಲ್ಲಿ ಉಳಿದದ್ದು ಇನ್ನೊಂದು ದೃಶ್ಯದಿಂದ. ಯುವಕರಿಗೆ ಕಡ್ಡಾಯ ಸೈನಿಕ ಸೇವೆ ತರುವ ಯೋಜನೆ ಪ್ರಧಾನಿಗೆ ಇದೆ. ಜನ ಅದನ್ನು ಒಪ್ಪುತ್ತಾರೆಂದು ಒಂದು ಅಭಿಪ್ರಾಯ ಸಮೀಕ್ಷೆ ಹೇಳಿದೆ. ಹಾಗಾದರೆ ಒಪ್ಪುವುದಿಲ್ಲವೆಂದು ಹೇಳುವ ಇನ್ನೊಂದು ಸಮೀಕ್ಷೆ ಮಾಡಿಸಿಬಿಡು ಎನ್ನುತ್ತಾರೆ ಹಂಫ್ರಿ. ಜನ ಎರಡಕ್ಕೂ ಹೂಂ ಅನ್ನುವುದು ಹೇಗೆ ಸಾಧ್ಯ ಎಂಬುದು ಬರ್ನಾರ್ಡ್‌ನ ಅನುಮಾನ. ಹಂಫ್ರಿ ಬರ್ನಾರ್ಡ್‌ನ ಮೇಲೆಯೇ ಪ್ರಯೋಗ ಮಾಡಿ ತೋರಿಸುತ್ತಾರೆ. ಹದಿಹರೆಯದವರ ಅಪರಾಧದ ಬಗ್ಗೆ ಚಿಂತೆಯಿದೆಯೇ, ಶಾಲೆಗಳಲ್ಲಿ ಶಿಸ್ತು ಕಡಿಮೆಯಾಗಿದೆಯೇ, ಯುವಕರಿಗೆ ಮಾರ್ಗದರ್ಶನ ಬೇಕೇ ಎಂದು ಒಂದೊಂದೇ ಮೆಟ್ಟಿಲು ಹತ್ತಿಸಿ ಸೈನಿಕ ಸೇವೆಗೆ ಹೂಂ ಅನ್ನಿಸುತ್ತಾರೆ. ಮರುಗಳಿಗೆಯಲ್ಲೇ ಯುದ್ಧದ ಭಯವಿದೆಯೇ, ಶಸ್ತ್ರಾಸ್ತ್ರಗಳು ಹೆಚ್ಚುತ್ತಿರುವುದು ಆತಂಕವೇ, ಮಕ್ಕಳ ಕೈಗೆ ಬಂದೂಕು ಕೊಟ್ಟು ಕೊಲ್ಲುವುದನ್ನು ಕಲಿಸುವುದು ತಪ್ಪಲ್ಲವೇ ಎಂದು ಇನ್ನೊಂದು ಮೆಟ್ಟಿಲ ಸಾಲು ಹತ್ತಿಸಿ, ಅದೇ ಸೈನಿಕ ಸೇವೆಗೆ ಅದೇ ಬರ್ನಾರ್ಡ್‌ನ ಬಾಯಿಂದ ವಿರೋಧ ಹೊರಡಿಸುತ್ತಾರೆ.

ಎರಡು ನಿಮಿಷದೊಳಗಿನ ಪಾಠ ಇದು. ಸಮೀಕ್ಷೆಯಲ್ಲಿ ಜನ ಸುಳ್ಳು ಹೇಳಿಲ್ಲ, ಅಂಕಿಯನ್ನು ಯಾರೂ ತಿದ್ದಿಲ್ಲ. ಮೋಸವೆಲ್ಲ ಪ್ರಶ್ನೆಗಳ ಸರದಿಯಲ್ಲಿದೆ. ಯಾವುದಾದರೂ ಸಮೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬಂದಾಗ ನಾನು ಈಗ ಶೇಕಡಾವಾರನ್ನು ಓದುವ ಮೊದಲು ಕೇಳಿದ ಪ್ರಶ್ನೆ ಯಾವುದು, ಅದಕ್ಕೂ ಮುಂಚೆ ಏನು ಕೇಳಿದ್ದರು ಎಂದು ಹುಡುಕುತ್ತೇನೆ. ಈ ಅಭ್ಯಾಸ ನನಗೆ ಬಂದದ್ದು ಒಂದು ಹಾಸ್ಯ ದೃಶ್ಯದಿಂದ ಎಂದು ಹೇಳಲು ಹೆಮ್ಮೆಯೆನಿಸುತ್ತದೆ.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ: ಹ್ಯಾಕರ್ ಇನ್ನೂ ಮಂತ್ರಿಯಾಗಿದ್ದಾಗಿನ, 1982ರ ‘ದಿ ವಿಸ್ಕಿ ಪ್ರೀಸ್ಟ್’. ಬ್ರಿಟನ್ನಿನ ಶಸ್ತ್ರಾಸ್ತ್ರಗಳು ಇಟಲಿಯ ಭಯೋತ್ಪಾದಕರ ಕೈ ಸೇರುತ್ತಿವೆ ಎಂಬ ಗುಟ್ಟನ್ನು ಸೇನಾಧಿಕಾರಿಯೊಬ್ಬರು ಹ್ಯಾಕರ್ ಕಿವಿಗೆ ಹಾಕುತ್ತಾರೆ. ಹ್ಯಾಕರ್ ಮನಸ್ಸು ಕಲಕುತ್ತದೆ. ಇದನ್ನು ನಿಲ್ಲಿಸಬೇಕೆಂದು ಹಂಫ್ರಿಗೆ ಹೇಳಿದರೆ, ಸರ್ಕಾರದ ಕೆಲಸ ಒಳಿತು ಕೆಡುಕಿನದಲ್ಲ, ವ್ಯವಸ್ಥೆ ಅವ್ಯವಸ್ಥೆಯದು ಎಂಬ ಉತ್ತರ ಬರುತ್ತದೆ. ಹಂಫ್ರಿ ಮೂವತ್ತು ವರ್ಷಗಳಲ್ಲಿ ಹನ್ನೊಂದು ಸರ್ಕಾರಗಳಿಗೆ ದುಡಿದವರು. ಒಂದೊಂದು ಸರ್ಕಾರದ ನೀತಿಯನ್ನೂ ಮನಸಾರೆ ನಂಬಿದ್ದರೆ ಉಕ್ಕಿನ ಕಾರ್ಖಾನೆಗಳನ್ನು ರಾಷ್ಟ್ರೀಕರಿಸುವುದನ್ನೂ, ಅದನ್ನು ಬಿಡಿಸುವುದನ್ನೂ, ಮತ್ತೆ ರಾಷ್ಟ್ರೀಕರಿಸುವುದನ್ನೂ ನಂಬಬೇಕಾಗುತ್ತಿತ್ತು, ತಲೆ ಕೆಡುತ್ತಿತ್ತು ಎಂಬ ಅರ್ಥದ ಮಾತನ್ನು ಬರ್ನಾರ್ಡ್‌ಗೆ ಹೇಳುತ್ತಾರೆ. ನಗು ಬರುತ್ತಾ ಬರುತ್ತಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಜಾಗ ಇದು.

ಆಮೇಲಿನ ಉಪಾಯವಂತೂ ಭಾಷೆಯ ಮೇಲೆಯೇ ನಿಂತಿದೆ. ವಿಷಯವನ್ನು ಪ್ರಧಾನಿಗೆ ತಿಳಿಸದಿದ್ದರೆ ಹ್ಯಾಕರ್ ತಪ್ಪಿತಸ್ಥರಾಗುತ್ತಾರೆ. ತಿಳಿಸಿದರೆ ಪ್ರಧಾನಿ ಏನಾದರೂ ಮಾಡಬೇಕಾಗುತ್ತದೆ. ಹಾಗಾದರೆ ತಿಳಿಸಿಯೂ ತಿಳಿಯದಂತೆ ಮಾಡುವುದು ಹೇಗೆ? ಒಂದು ಪತ್ರ ಬರೆಯಬೇಕು. ಆ ಪತ್ರದಲ್ಲಿ ಎಲ್ಲವೂ ಇರಬೇಕು, ಆದರೆ ಓದಿದವರಿಗೆ ಏನೂ ಹೊಳೆಯಬಾರದು. ಪ್ರಧಾನಿ ವಿದೇಶಕ್ಕೆ ಹೊರಡುವ ದಿನವೇ ಅದು ತಲುಪಬೇಕು. ಮುಂದೆ ಯಾರಾದರೂ ಕೇಳಿದರೆ ಕಡತದಲ್ಲಿ ಪತ್ರವಿದೆ. ಸತ್ಯವನ್ನು ಹೂತಿಡಲು ಸುಳ್ಳು ಬೇಕಿಲ್ಲ, ಒಂದು ಉದ್ದನೆಯ ವಾಕ್ಯ ಸಾಕು. ಕಂತಿನ ಕೊನೆಯಲ್ಲಿ ಕುಡಿದು ಕುಗ್ಗಿ ಕುಳಿತ ಹ್ಯಾಕರ್‌ಗೆ ತಾನು ಏನನ್ನು ಕಳೆದುಕೊಂಡೆ ಎಂಬುದು ಗೊತ್ತು, ಹೆಂಡತಿ ಆ್ಯನಿಗೂ ಗೊತ್ತು. ಹಾಸ್ಯ ಧಾರಾವಾಹಿ ತನ್ನ ನಾಯಕನನ್ನು ಇಷ್ಟು ಕೆಳಗಿಳಿಸಿ, ಆದರೂ ಅವನ ಬಗ್ಗೆ ಮರುಕ ಹುಟ್ಟಿಸುವುದು ದೊಡ್ಡ ಕಸುಬುದಾರಿಕೆ.

ಬರೆದವರಿಗೆ ಈ ಒಳಮನೆಯ ಸುದ್ದಿ ಎಲ್ಲಿಂದ ಬಂತು? ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ರಿಚರ್ಡ್ ಕ್ರಾಸ್‌ಮನ್ ಅವರ ದಿನಚರಿಗಳು 1970ರ ದಶಕದಲ್ಲಿ ಪ್ರಕಟವಾಗಿದ್ದವು. ಮಂತ್ರಿ ಮತ್ತು ಅಧಿಕಾರಿಗಳ ಹಗ್ಗಜಗ್ಗಾಟ ಅವುಗಳಲ್ಲಿ ಬಿಚ್ಚುಮನಸ್ಸಿನಿಂದ ದಾಖಲಾಗಿತ್ತು. ವಿಲ್ಸನ್ ಅವರ ಜೊತೆಗಿದ್ದ ಮಾರ್ಸಿಯಾ ವಿಲಿಯಮ್ಸ್ ಮತ್ತು ಬರ್ನಾರ್ಡ್ ಡೊನಹ್ಯೂ ಕೂಡ ಲೇಖಕರಿಗೆ ಮಾಹಿತಿ ಕೊಟ್ಟವರು. ಹ್ಯಾಕರ್ ಯಾವ ಪಕ್ಷದವರು ಎಂಬುದನ್ನು ಮಾತ್ರ ಲೇಖಕರು ಒಂದು ಕಂತಿನಲ್ಲೂ ಬಾಯಿ ಬಿಡಲಿಲ್ಲ. ಈ ಸಂಯಮವೇ ಧಾರಾವಾಹಿಯನ್ನು ಕಾಪಾಡಿತು. ಪಕ್ಷದ ಹೆಸರು ಬಂದಿದ್ದರೆ ನೋಡುವವರಲ್ಲಿ ಅರ್ಧ ಜನ ಇದು ನಮ್ಮವರ ಕಥೆಯಲ್ಲ ಎಂದು ಎದ್ದು ಹೋಗುತ್ತಿದ್ದರು.

ನಟನೆಯ ಬಗ್ಗೆಯೂ ಒಂದು ಮಾತು. ಹಾಥಾರ್ನ್ ಅವರಿಗೆ ಈ ಪಾತ್ರಕ್ಕಾಗಿ ನಾಲ್ಕು ಸಲ ಬಾಫ್ಟಾ ಪ್ರಶಸ್ತಿ ಬಂತು. ಉದ್ದುದ್ದ ವಾಕ್ಯಗಳನ್ನು ಒಂದು ಅಕ್ಷರವೂ ತೊದಲದೆ ಹರಿಸುವ ಅವರ ನಾಲಿಗೆಗೆ ಅದು ಸಲ್ಲಬೇಕಾದದ್ದೇ. ಎಡಿಂಗ್ಟನ್ ಅವರಿಗೆ ಬರಲಿಲ್ಲ. ನನ್ನ ಮಟ್ಟಿಗೆ ಆ ದೃಶ್ಯಗಳ ಅರ್ಧ ಬೆಲೆ ಎಡಿಂಗ್ಟನ್ ಅವರ ಮುಖದ್ದು. ವಾಕ್ಯ ಅರ್ಧ ದಾರಿಗೆ ಬಂದಾಗ ಅರ್ಥವಾದಂತೆ ನಟಿಸುವುದು, ಮುಕ್ಕಾಲಿಗೆ ಬಂದಾಗ ದಿಕ್ಕು ತಪ್ಪುವುದು, ಮುಗಿದ ಮೇಲೆ ಅವಮಾನವನ್ನು ನುಂಗಿ ಮತ್ತೊಮ್ಮೆ ಹೇಳಿ ಎನ್ನುವುದು ಮಾತಿಲ್ಲದ ಕೆಲಸ. ತಬಲಾದ ಠೇಕಾ ಸರಿಯಿಲ್ಲದೆ ಗಾಯಕನ ತಾನ ನಿಲ್ಲುವುದಿಲ್ಲವಲ್ಲ, ಹಾಗೆ.

ನಮಗೂ ಈ ಕಥೆಗೂ ಇರುವ ನಂಟು ಬರೀ ಹೋಲಿಕೆಯದಲ್ಲ, ರಕ್ತಸಂಬಂಧದ್ದು. ಬ್ರಿಟನ್ನಿನಲ್ಲಿ ಪರೀಕ್ಷೆಯ ಮೂಲಕ ಆಯ್ಕೆಯಾದ, ಪಕ್ಷಾತೀತವಾದ, ಶಾಶ್ವತ ಅಧಿಕಾರಿ ವರ್ಗ ಇರಬೇಕೆಂದು ಹೇಳಿದ್ದು 1854ರ ನಾರ್ತ್‌ಕೋಟ್–ಟ್ರೆವಿಲಿಯನ್ ವರದಿ. ಆ ಟ್ರೆವಿಲಿಯನ್ ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿ ಭಾರತದಲ್ಲಿ ದುಡಿದವರು, ಆಮೇಲೆ ಮದ್ರಾಸಿನ ಗವರ್ನರ್ ಆದವರು. ಭಾರತದ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಶುರುವಾದದ್ದು 1855ರಲ್ಲಿ. ಅಲ್ಲಿಯ ಹಂಫ್ರಿಯೂ ಇಲ್ಲಿಯ ಕಾರ್ಯದರ್ಶಿಯೂ ಒಂದೇ ಬೇರಿನ ಎರಡು ಕವಲು. 2001ರಲ್ಲಿ ಸ್ಟಾರ್ ಪ್ಲಸ್ ವಾಹಿನಿ ಇದನ್ನು ‘ಜೀ ಮಂತ್ರೀಜೀ’ ಎಂದು ಹಿಂದಿಗೆ ತಂದಾಗ ಫಾರೂಕ್ ಶೇಖ್ ಮಂತ್ರಿಯಾದರು, ಜಯಂತ್ ಕೃಪಲಾನಿ ಕಾರ್ಯದರ್ಶಿಯಾದರು. ಕಡತ, ಟಿಪ್ಪಣಿ, ಸಮಿತಿ ಯಾವುದನ್ನೂ ನಮ್ಮ ಪ್ರೇಕ್ಷಕರಿಗೆ ಹೊಸದಾಗಿ ಪರಿಚಯಿಸಬೇಕಿರಲಿಲ್ಲ.

ಇನ್ನು ಬರ್ನಾರ್ಡ್‌ನ ವ್ಯಾಕರಣಕ್ಕೆ ಬರೋಣ. ಕನ್ನಡ ಕ್ರಿಯಾಪದಕ್ಕೆ ಒಂದು ಒಳ್ಳೆಯ ಗುಣವಿದೆ. ಕರ್ತೃವನ್ನು ಬಾಯಿಬಿಟ್ಟು ಹೇಳದಿದ್ದರೂ ಅದು ತನ್ನ ಬಾಲದಲ್ಲಿ ಹೇಳಿಬಿಡುತ್ತದೆ. ‘ಬಂದೆನು’ ಎಂದರೆ ನಾನು, ‘ಬಂದಳು’ ಎಂದರೆ ಅವಳು, ‘ಬಂದಿರಿ’ ಎಂದರೆ ನೀವು. ಮಾಡಿದವರು ತಪ್ಪಿಸಿಕೊಳ್ಳಲು ಜಾಗವಿಲ್ಲ. ಶಾಲೆಯಲ್ಲಿ ನಮಗೆ ಕರ್ಮಣಿ ಪ್ರಯೋಗ ಕಲಿಸಿದರು: ರಾಮನಿಂದ ಮರವು ಕಡಿಯಲ್ಪಟ್ಟಿತು. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಆದರೆ ಕಚೇರಿಯ ಕಾಗದ ಬಿಚ್ಚಿ ನೋಡಿ: ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’, ‘ಗಮನಕ್ಕೆ ತರಲಾಗಿದೆ’. ಪಠ್ಯದಲ್ಲಿ ‘ರಾಮನಿಂದ’ ಎಂಬುದಾದರೂ ಇತ್ತು. ಇಲ್ಲಿ ಅದೂ ಇಲ್ಲ. ಕ್ರಿಯಾಪದದ ಬಾಲದಲ್ಲಿ ನಾನೂ ಇಲ್ಲ, ಅವರೂ ಇಲ್ಲ, ಇರುವುದು ನಪುಂಸಕಲಿಂಗದ ಏಕವಚನ. ಯಾರೋ ಅಲ್ಲ, ‘ಅದು’ ಪರಿಶೀಲಿಸುತ್ತದೆ.

ರಾಜ್ಯದಲ್ಲಿ 1963ರ ಕಾಯ್ದೆಯ ಮೂಲಕ ಕನ್ನಡ ಆಡಳಿತ ಭಾಷೆಯಾಯಿತು. ಅದು ದೊಡ್ಡ ಗೆಲುವು. ಆದರೆ ಇಂಗ್ಲಿಷ್ ಕಡತದ ಭಾಷೆಯಲ್ಲಿದ್ದ ಈ ಅಡಗುತಾಣವನ್ನೂ ನಾವು ಜೊತೆಯಲ್ಲೇ ಕನ್ನಡಕ್ಕೆ ಹೊತ್ತು ತಂದೆವು. ಹಂಫ್ರಿಯ ವಾಕ್ಯಗಳನ್ನು ಕಿವಿಗೊಟ್ಟು ಕೇಳಿದ ಮೇಲೆಯೇ ನನಗೆ ನಮ್ಮ ‘ಲಾಗುವುದು’ ಏನು ಮಾಡುತ್ತದೆಂದು ತಿಳಿದದ್ದು. ಅದಕ್ಕೇ ಈ ಧಾರಾವಾಹಿಯ ಕಂತುಗಳನ್ನು ವಿಮರ್ಶಿಸುವವರು ನಗುವನ್ನು ಎಣಿಸುವುದರ ಜೊತೆಗೆ ವಾಕ್ಯಗಳಲ್ಲಿ ಕರ್ತೃ ಎಲ್ಲಿ ಮಾಯವಾಯಿತೆಂದು ಹುಡುಕಬೇಕು ಎನ್ನುತ್ತೇನೆ.

ಮೆಚ್ಚಿದ್ದನ್ನೆಲ್ಲ ಹೇಳಿ ಕೊರತೆಯನ್ನು ಬಿಟ್ಟರೆ ವಿಮರ್ಶೆಯಾಗುವುದಿಲ್ಲ. ಈ ಲೋಕ ಬಹುಮಟ್ಟಿಗೆ ಗಂಡಸರದು. ಹ್ಯಾಕರ್ ಹೆಂಡತಿ ಆ್ಯನಿ, ಮುಂದೆ ಪ್ರಧಾನಿಯ ರಾಜಕೀಯ ಸಲಹೆಗಾರ್ತಿ ಡೊರೊತಿ ಇಬ್ಬರೂ ಬಂದಾಗಲೆಲ್ಲ ಮಂತ್ರಿಗೆ ಹೊಳೆಯದ್ದನ್ನು ಹೊಳೆಯಿಸುತ್ತಾರೆ, ಆದರೆ ಅವರಿಗೆ ಸಿಕ್ಕಿದ್ದು ಕಡಿಮೆ ಸಮಯ. ಎರಡನೆಯದು ಇನ್ನೂ ಗಂಭೀರ. ಅಧಿಕಾರಿಗಳು ತಮ್ಮ ಇಲಾಖೆ ಮತ್ತು ಅನುದಾನವನ್ನು ಬೆಳೆಸುವುದಕ್ಕಾಗಿಯೇ ದುಡಿಯುತ್ತಾರೆ ಎಂಬ ಅರ್ಥಶಾಸ್ತ್ರದ ವಾದವೊಂದರ ಪ್ರಭಾವ ಆಂಟನಿ ಜೇ ಅವರ ಮೇಲಿತ್ತು. ಸರ್ಕಾರದ ಗಾತ್ರವನ್ನು ಕುಗ್ಗಿಸಹೊರಟಿದ್ದ ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಈ ಧಾರಾವಾಹಿ ಪ್ರಿಯವಾಗಿತ್ತು. 1984ರ ಜನವರಿಯಲ್ಲಿ ಒಂದು ಪ್ರಶಸ್ತಿ ಸಮಾರಂಭದಲ್ಲಿ ಅವರೇ ಎಡಿಂಗ್ಟನ್ ಮತ್ತು ಹಾಥಾರ್ನ್ ಜೊತೆ ಒಂದು ಕಿರು ಪ್ರಹಸನವನ್ನು ಆಡಿದರು. ಯಾರನ್ನು ಕುರಿತು ನಗುತ್ತಿದ್ದೇವೋ ಅವರೇ ಬಂದು ಪಾತ್ರ ವಹಿಸಿದರೆ ಹಾಸ್ಯದ ಮೊನೆ ಉಳಿಯುತ್ತದೆಯೇ ಎಂದು ಕೇಳಬೇಕಾಗುತ್ತದೆ.

ಎಲ್ಲ ಅಧಿಕಾರಿಗಳೂ ಹಂಫ್ರಿಗಳೇ ಎಂದು ನಂಬುವುದು ಅನ್ಯಾಯ. ನೆರೆ ಬಂದಾಗ, ರೋಗ ಹರಡಿದಾಗ, ಚುನಾವಣೆ ನಡೆಯುವಾಗ ನಾಡನ್ನು ಹಿಡಿದು ನಿಲ್ಲಿಸುವುದು ಅದೇ ಶಾಶ್ವತ ವ್ಯವಸ್ಥೆ. ಮೊದಲ ಕಂತಿನಲ್ಲಿ ಆ ಪ್ರಕಟಣೆಯನ್ನು ತಡೆಹಿಡಿದದ್ದು ಮಂತ್ರಿಗೆ ಒಳ್ಳೆಯದೇ ಆಯಿತಲ್ಲ! ಒಳ್ಳೆಯ ಕಂತುಗಳು ಈ ಎರಡೂ ಮುಖವನ್ನು ತೋರಿಸುತ್ತವೆ. ಕೆಳದರ್ಜೆಯವು ಒಂದನ್ನೇ ತೋರಿಸುತ್ತವೆ. ಕಂತುಗಳನ್ನು ಶ್ರೇಣಿಯಲ್ಲಿ ಕೂರಿಸುವಾಗ ನಾನು ಬಳಸುವ ತಕ್ಕಡಿ ಇದು: ಹಂಫ್ರಿ ಸೋಲಬೇಕೆಂದು ಬಯಸುತ್ತಲೇ ಅವರ ವಾದಕ್ಕೆ ಉತ್ತರ ಸಿಗದೆ ನಾವು ಚಡಪಡಿಸಿದರೆ ಆ ಕಂತು ಮೇಲಿನದು. ‘ದಿ ವಿಸ್ಕಿ ಪ್ರೀಸ್ಟ್’ ಮೇಲೆ ಕೂರುವುದು ಅದಕ್ಕೇ.

ಕೊನೆಗೆ ನಮ್ಮ ಮನೆಯ ಒಂದು ಸಂಗತಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಬರಬೇಕಿದ್ದ ಪಿಂಚಣಿಯ ಬಾಕಿಗಾಗಿ ನಾವು ಕಚೇರಿಯೊಂದಕ್ಕೆ ಬರೆದುಕೊಂಡೆವು. ಒಂದರ ಹಿಂದೆ ಒಂದರಂತೆ ಮೂರು ಉತ್ತರಗಳು ಬಂದವು. ಮೂರರಲ್ಲೂ ‘ಪರಿಶೀಲಿಸಲಾಗುವುದು’ ಎಂದಿತ್ತು. ಅಮ್ಮ ಪ್ರತಿ ಸಲವೂ ಕಾಗದವನ್ನು ಎರಡು ಬಾರಿ ಓದಿ, ಮಡಿಸಿ, ಕನ್ನಡಕದ ಡಬ್ಬಿಯ ಕೆಳಗೆ ಇಡುತ್ತಿದ್ದಳು. ಮೂರನೆಯದು ಬಂದಾಗ, “ಯಾರು ನೋಡ್ತಾರಂತೆ?” ಎಂದು ಕೇಳಿದಳು. ಕಾಗದದಲ್ಲಿ ಎಲ್ಲೂ ಅದಿರಲಿಲ್ಲ.

ಆಮೇಲೊಂದು ದಿನ ಅಮ್ಮನನ್ನು ಕರೆದುಕೊಂಡು ನಾನೇ ಆ ಕಚೇರಿಗೆ ಹೋದೆ. ಮೇಜಿನ ಹಿಂದೆ ಇದ್ದ ಹೆಣ್ಣುಮಗಳು ಮೂರೂ ಕಾಗದಗಳನ್ನು ತಿರುವಿ ನೋಡಿದರು. ಬೀರುವಿನಿಂದ ಕಡತ ತೆಗೆದು ಧೂಳು ಕೊಡವಿ, ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು ಹೇಳಿದರು: “ಅಮ್ಮ, ನಾನು ನೋಡ್ತೀನಿ. ಗುರುವಾರ ಬನ್ನಿ.” ಅಮ್ಮ ಮರಳಿ ಬರುವಾಗ ಬಸ್ಸಿನಲ್ಲಿ ಆ ಮಾತನ್ನು ಇನ್ನೊಮ್ಮೆ ಹೇಳಿಕೊಂಡಳು, ‘ನೋಡ್ತೀನಿ ಅಂದ್ರು’ ಎಂದು. ಗುರುವಾರ ನಾವು ಹೋದೆವು. ಅವರು ನೋಡಿಟ್ಟಿದ್ದರು.